ಮೂರನೇ ಕ್ಯಾಬಿನ್

ಈರುಳ್ಳಿ ಲಾರಿ ಹಿಂದೆ ಸರಿಯುವವರೆಗೆ ಕಾಯುವ ತಾಳ್ಮೆ ಕಮಲಾಕ್ಷನಿಗಿರಲಿಲ್ಲ. ಆಂಬುಲೆನ್ಸಿನ ಹಿಂಬಾಗಿಲನ್ನು ತಾನೇ ತೆಗೆದು ಸ್ಟ್ರೆಚರಿನ ಒಂದು ತುದಿಗೆ ಕೈಹಾಕಿ ಎಳೆದ. ಡ್ರೈವರ್ ಬೀಡಿ ಬಿಸಾಡಿ ಇನ್ನೊಂದು ತುದಿ ಹಿಡಿದ. ತಿರುವನಂತಪುರದ ಚಾಲೈ ಪೇಟೆಯಲ್ಲಿ ಬೆಳಗಿನ ವ್ಯಾಪಾರ ಶುರುವಾಗಿತ್ತು. ಹೆಣ ಹೊತ್ತವರಿಗೆ ದಾರಿ ಬಿಡಲು ಒಬ್ಬನೂ ಅವಸರ ಮಾಡಲಿಲ್ಲ. ಕೊಳೆತ ಈರುಳ್ಳಿಯ ರಸ, ಮೀನಿನ ಬುಟ್ಟಿಯಿಂದ ಸೋರಿದ ನೀರು, ಗೋಡೆಯ ಬುಡದಲ್ಲಿ ಯಾರೋ ಹೊಯ್ದದ್ದು, ಎಲ್ಲ ಕಲೆತು ಚಪ್ಪಲಿಗೆ ಅಂಟುತ್ತಿತ್ತು. ಕಮಲಾಕ್ಷ ಮೂಗಿನಲ್ಲಿ ಉಸಿರಾಡುವುದನ್ನು ಬಿಟ್ಟು ಬಾಯಲ್ಲಿ ಉಸಿರಾಡುತ್ತ ನಡೆದ.

ಸತ್ತವನು ಅವನ ತಂಗಿ ವಿನೋದಾಳ ಗಂಡ ತಿರುಮಲೇಶ್ವರ. ಐವತ್ತೆರಡು ವರ್ಷ. ಕಾಸರಗೋಡಿನ ಕಡೆಯವನು, ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿನಲ್ಲಿ ಗುಮಾಸ್ತ. ವಿನೋದಾಳ ನೌಕರಿ ತಿರುವನಂತಪುರದಲ್ಲಿ. ಹಾಗಾಗಿ ಅವನು ವಾರವಿಡೀ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ರೈಲು ಹತ್ತಿ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬರುತ್ತಿದ್ದ. ಈ ಶನಿವಾರ ಆಂಬುಲೆನ್ಸಿನಲ್ಲಿ ಬಂದಿದ್ದ.

ಐದು ತಾಸು ಹೆಣದ ಪಕ್ಕದಲ್ಲಿ ಕೂತು ಬಂದ ಕಮಲಾಕ್ಷ ಒಮ್ಮೆಯೂ ಅದರ ಮುಖ ನೋಡಿರಲಿಲ್ಲ. ರಸ್ತೆಯ ಗುಂಡಿಯಲ್ಲಿ ಗಾಡಿ ಹಾರಿ ಬಿದ್ದಾಗ ಬಲಗೈ ಬಟ್ಟೆಯಿಂದ ಹೊರಗೆ ಜಾರಿತ್ತು. ಮುಟ್ಟಲು ಹೇಸಿಗೆಯಾಗಿ ಅದನ್ನು ಚಪ್ಪಲಿಯ ತುದಿಯಿಂದ ಒಳಗೆ ತಳ್ಳಿದ್ದ.

ವಿನೋದಾ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ಮಗಳು ನಿಶ್ಮಿತಾ. ಅಳುತ್ತಿರಲಿಲ್ಲ. ಗಂಡನನ್ನು ಚಾಪೆಯ ಮೇಲೆ ಇಳಿಸಿದ ಮೇಲೆ ವಿನೋದಾ ಕೇಳಿದಳು.

“ಕ್ವಾರ್ಟರ್ಸಿನಲ್ಲೇ ಆದದ್ದಾ ಅಣ್ಣ?”

“ಹೌದು. ಮಲಗಿದಲ್ಲೇ. ಹೃದಯಾಘಾತ.”

“ಮಲಗಿದವರು ಆಫೀಸಿನ ಪ್ಯಾಂಟು ಹಾಕಿಕೊಂಡು ಮಲಗಿದ್ದರಾ?”

ಕಮಲಾಕ್ಷ ಬಗ್ಗಿ ಚಾಪೆಯ ಅಂಚು ಸರಿಮಾಡಿದ.

“ಇವರ ಕನ್ನಡಕ ಎಲ್ಲಿ?”

“ಇರ್ತದೆ ಎಲ್ಲೋ. ಈಗ ಕನ್ನಡಕದ ಚಿಂತೆ ಎಂತಕ್ಕೆ ನಿನಗೆ?”

ಅವನು ಗದರಿಸಿದ್ದು ತಂಗಿಯ ಮೇಲಿನ ಸಿಟ್ಟಿನಿಂದಲ್ಲ. ತಿರುಮಲೇಶ್ವರ ಬಿದ್ದದ್ದು ಕ್ವಾರ್ಟರ್ಸಿನಲ್ಲಿ ಅಲ್ಲವೇ ಅಲ್ಲ, ಎರ್ನಾಕುಳಂನ ಒಂದು ಇಂಟರ್ನೆಟ್ ಕೆಫೆಯ ಮೂರನೇ ಕ್ಯಾಬಿನಿನಲ್ಲಿ. ಕೆಫೆಯವನು ಆಸ್ಪತ್ರೆಗೆ ಸಾಗಿಸಿ, ಜೇಬಿನ ಡೈರಿಯಲ್ಲಿದ್ದ ನಂಬರಿಗೆ ಫೋನು ಮಾಡಿದ್ದ. ಅದೇ ಊರಿನ ಕೋರ್ಟಿನಲ್ಲಿ ಕೆಲಸದಲ್ಲಿದ್ದ ಕಮಲಾಕ್ಷ ಓಡಿಹೋಗಿ ಮೊದಲು ಮಾಡಿದ್ದೆಂದರೆ ಆ ಕೆಫೆಯವನನ್ನು ಮೂಲೆಗೆ ಕರೆದು, ಬಾಯಿ ಮುಚ್ಚಿಕೊಂಡಿರು, ಮನೆಯ ಕಡೆ ಸುಳಿಯಬೇಡ ಎಂದು ಹೆದರಿಸಿ ಕಳಿಸಿದ್ದು. ಬದುಕಿದ್ದಾಗ ಮಾನ ಕಳೆದದ್ದು ಸಾಲದೆ ಸಾಯಲಿಕ್ಕೂ ಅದೇ ಗುಂಡಿಗೆ ಹೋಗಿ ಬಿದ್ದಿದ್ದಾನೆ. ಈ ದಿನ ಸಂಜೆಯವರೆಗೆ ಆ ಸುದ್ದಿ ತಂಗಿಯ ಕಿವಿಗೆ ಬೀಳದಂತೆ ನೋಡಿಕೊಂಡರೆ ಸಾಕು, ಆಮೇಲೆ ಬೆಂಕಿ ಉಳಿದದ್ದನ್ನು ನೋಡಿಕೊಳ್ಳುತ್ತದೆ.

* * *

ಮೂರು ವರ್ಷದ ಹಿಂದೆ, ಎರಡು ಸಾವಿರದ ಐದರಲ್ಲಿ, ಕಮಲಾಕ್ಷ ಅದೇ ಕೆಫೆಗೆ ಒಂದು ಕಾಗದ ಪ್ರಿಂಟು ತೆಗೆಸಲು ಹೋಗಿದ್ದ. ಕೋರ್ಟಿನಲ್ಲಿ ಅವನದು ಕಾಸರಗೋಡಿನ ಹಳೆಯ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ಇಳಿಸುವ ಕೆಲಸ. ಆಫೀಸಿನ ಪ್ರಿಂಟರ್ ಕೆಟ್ಟಿತ್ತು.

ಒಳಗೆ ಸಾಲಾಗಿ ಹಲಗೆಯ ಕ್ಯಾಬಿನುಗಳು. ಅಂಥ ಜಾಗಕ್ಕೆ ಗಂಡಸರು ಹೋಗುವುದು ನೀಲಿಚಿತ್ರ ನೋಡಲು ಎಂಬುದು ಊರಿಗೆಲ್ಲ ಗೊತ್ತಿದ್ದ ಕಾಲ ಅದು. ಮೂರನೆಯದಕ್ಕೆ ಮಾತ್ರ ಕರ್ಟನ್ ಇತ್ತು, ಫ್ಯಾನಿನ ಗಾಳಿಗೆ ಒಂದು ಗೇಣು ಸರಿದಿತ್ತು. ಆ ಸಂದಿಯಲ್ಲಿ, ಓರೆಯಾಗಿ ಹಿಂದಿನಿಂದ, ಅವನು ತಿರುಮಲೇಶ್ವರನನ್ನು ಕಂಡ. ಕಿವಿಗೆ ಹೆಡ್‌ಫೋನು, ಅರ್ಧ ತೆರೆದ ಬಾಯಿ, ಹಣೆಯಿಂದ ಇಳಿಯುವ ಬೆವರು, ಮಾನಿಟರಿಗೆ ಅಂಟಿದ ಕಣ್ಣು. ಎರಡೂ ಕೈ ಮೇಜಿನ ಕೆಳಗೆ. ತೋಳುಗಳು ಅದುರುತ್ತಿದ್ದವು.

ಕಮಲಾಕ್ಷ ಪ್ರಿಂಟು ತೆಗೆದುಕೊಳ್ಳದೆ ಹೊರಗೆ ಬಂದ. ಅಂದು ರಾತ್ರಿ ಹೆಂಡತಿ ಸುಮಿತ್ರಳಿಗೆ, ಯಾರಿಗೂ ಹೇಳಬೇಡ ಎಂದು ಹೇಳಿಯೇ ಹೇಳಿದ. ಮರುದಿನ ವಿನೋದಾಳಿಗೆ ಫೋನು ಮಾಡಿದ. “ನಾನು ಕಣ್ಣಾರೆ ಕಂಡದ್ದು,” ಎಂದ. ಮುಂದಿನ ಹಬ್ಬಕ್ಕೆ ಹೋದಾಗ ತಿರುಮಲೇಶ್ವರ ಎರಡೂ ಕೈಯಲ್ಲಿ ನೀರಿನ ಚೊಂಬು ಹಿಡಿದು ಬಂದರೆ, “ಬೇಡ,” ಎಂದು ಮುಖ ತಿರುಗಿಸಿದ. ಆ ಕೈಯಿಂದ ನೀರು ಕುಡಿಯಲು ಅವನಿಂದಾಗುತ್ತಿರಲಿಲ್ಲ. ಕೆಫೆಯಿದ್ದ ಆ ರಸ್ತೆಯಲ್ಲಿ ನಡೆಯುವುದನ್ನೂ ಬಿಟ್ಟ. ಕೋರ್ಟಿಗೆ ಸುತ್ತುಬಳಸಿ ಹೋಗತೊಡಗಿದ.

* * *

ಹತ್ತು ಗಂಟೆಗೆ ಮನೆ ತುಂಬಿತು. ಕನ್ನಡ ಸಂಘದ ಕಾರ್ಯದರ್ಶಿ ಗಣೇಶಪ್ರಸಾದ್ ದೊಡ್ಡ ಹಾರದೊಂದಿಗೆ ಬಂದ. ಮೈಸೂರಿನ ಕಡೆಯ ಬ್ಯಾಂಕ್ ಮ್ಯಾನೇಜರ್.

“ರೀ ಕಮಲಾಕ್ಷ, ನಾಲ್ಕು ಗಂಟೆಗೆ ಚಿತಾಗಾರದಲ್ಲಿ ಟೈಮ್ ಸಿಕ್ಕಿದೆ. ಕರೆಂಟಿನದು, ಹೊಗೆಯಿಲ್ಲ ಏನಿಲ್ಲ. ಆಮೇಲೆ ಈ ಹಾರ ಮೇಲ್ಗಡೆ ಇರ್ಲಿ, ರಿಬ್ಬನ್ ಕಾಣೋ ಹಾಗೆ. ಫೋಟೋದವನು ಬರ್ತಾನೆ.”

“ಫೋಟೋದಲ್ಲಿ ಹೆಣ ಕಾಣಬೇಕೋ ರಿಬ್ಬನ್ ಕಾಣಬೇಕೋ?”

“ಎರಡೂ ಕಾಣ್ಲಿ ಬಿಡ್ರಿ. ಸಂಘದ್ದೂ ಒಂದು ದಾಖಲೆ ಆಗುತ್ತೆ.”

ಹಿಂದಿನ ರಾತ್ರಿಯ ರೈಲಿಗೇ ಬಂದಿದ್ದ ಸುಮಿತ್ರ ಅಡುಗೆಮನೆಯ ಬಾಗಿಲಲ್ಲಿ ವಿನೋದಾಳ ಪಕ್ಕದ ಮನೆಯ ದಾಕ್ಷಾಯಣಿಗೆ ಚಾ ಕೊಡುತ್ತಿದ್ದಳು. ಕಮಲಾಕ್ಷ ಬೆನ್ನು ಹಾಕಿ ನಿಂತಿದ್ದ, ಅವನು ಕೇಳುತ್ತಿದ್ದಾನೆಂದು ಅವರಿಗೆ ಗೊತ್ತಾಗಲಿಲ್ಲ.

“ಹೋಗುವ ಕಾಲಕ್ಕಾದರೂ ಮರ್ಯಾದೆಯಲ್ಲಿ ಹೋದರಲ್ಲ,” ಎಂದಳು ಸುಮಿತ್ರ.

“ಅಂಥ ಚಟದವರಿಗೆ ಹೃದಯ ಬೇಗ ಸೋಲ್ತದಂತೆ,” ಎಂದಳು ದಾಕ್ಷಾಯಣಿ, ಚಾ ಊದುತ್ತ. “ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು ಮಾರಾಯ್ತಿ.”

ಅಂದರೆ ಓಣಿಗೆಲ್ಲ ಗೊತ್ತಿತ್ತು. ಮೂರು ವರ್ಷ ಈ ಮನುಷ್ಯ ಶನಿವಾರ ಶನಿವಾರ ಚೀಲ ಹಿಡಿದು ಈ ಓಣಿಯಲ್ಲಿ ನಡೆದು ಬರುವಾಗ ಪ್ರತಿಯೊಂದು ಕಿಟಕಿಗೂ ಗೊತ್ತಿತ್ತು. ಕಮಲಾಕ್ಷ ತಿರುಗಿ ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಳು.

ಆಗಲೇ ಬಾಗಿಲಲ್ಲಿ ಕೆಫೆಯ ಇಬ್ರಾಹಿಂ ಕಾಣಿಸಿಕೊಂಡದ್ದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಜೊತೆಗೆ ಕಪ್ಪು ಟೀಶರ್ಟಿನ ಒಬ್ಬ ಯುವಕ. ಕಮಲಾಕ್ಷನ ನೆತ್ತಿಗೆ ರಕ್ತ ಏರಿತು. ಚಪ್ಪಲಿ ಮೆಟ್ಟದೆ ಇಳಿದುಹೋಗಿ ಇಬ್ರಾಹಿಮನ ರಟ್ಟೆ ಹಿಡಿದು ಓಣಿಯ ತಿರುವಿಗೆ ಎಳೆದ.

“ಆಸ್ಪತ್ರೆಯಲ್ಲೇ ಹೇಳಲಿಲ್ಲವಾ ನಿನಗೆ, ಇತ್ತ ಬರಬೇಡ ಅಂತ?”

“ಹೇಳಿದ್ರಿ.” ಇಬ್ರಾಹಿಂ ಉಪ್ಪಳದವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ವಯಸ್ಸಿನಲ್ಲಿ ಕಮಲಾಕ್ಷನ ಓರಗೆಯವನೇ. “ಆದರೆ ತಿರುಮಲೇಶಣ್ಣನ ಕನ್ನಡಕ ನನ್ನಲ್ಲೇ ಉಳಿಯಿತು. ಮತ್ತೆ ಅವರ ಕೀಬೋರ್ಡು. ಇಟ್ಟುಕೊಂಡು ನಾನು ಎಂತ ಮಾಡ್ಲಿ ಮಾರಾಯ್ರೆ? ಕಡೆಯ ಸಲ ಮುಖ ನೋಡಿ ಹೋಗ್ತೇವೆ.”

“ಮುಖ ನೋಡ್ಲಿಕ್ಕೆ ನಿನಗೆ ಮುಖ ಉಂಟಾ? ಅಂಥ ಅಂಗಡಿ ಇಟ್ಟುಕೊಂಡು, ಸಂಸಾರಸ್ಥರಿಗೆ ಕರ್ಟನ್ ಕಟ್ಟಿ ಕೊಟ್ಟು...”

“ಎಂಥ ಅಂಗಡಿ?”

ಕಮಲಾಕ್ಷ ಹೇಳಿದ. ಒರಟಾಗಿ, ಇದ್ದ ಹಾಗೆ, ಒಂದೇ ಶಬ್ದದಲ್ಲಿ.

ಇಬ್ರಾಹಿಂ ಚೀಲದಿಂದ ಕೀಬೋರ್ಡು ತೆಗೆದು ತೋರಿಸಿದ. ಬಿಳಿಯದಾಗಿದ್ದದ್ದು ಹಳದಿಗೆ ತಿರುಗಿತ್ತು. ಸಂದಿಗಳಲ್ಲಿ ಮಣ್ಣು, ಕೂದಲು, ಬಿಸ್ಕತ್ತಿನ ಪುಡಿ. ನಡುಸಾಲಿನ ನಾಲ್ಕು ಗುಂಡಿಗಳ ಅಕ್ಷರ ಪೂರಾ ಅಳಿಸಿಹೋಗಿ ಗುಳಿ ಬಿದ್ದಿತ್ತು.

“ಅವರು ಆಟ ಆಡ್ತಿದ್ದದ್ದು. ತಾಳದ ಆಟ. ಹಾಡು ಬರ್ತದೆ, ಅದರ ತಾಳಕ್ಕೆ ಮಾನಿಟರಿನ ಮೇಲಿಂದ ನಾಲ್ಕು ಸಾಲಿನಲ್ಲಿ ಗುರುತು ಇಳೀತದೆ. ಅದು ಕೆಳಗಿನ ಗೆರೆ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಬೇಕು. ಮಾಡಿದ್ದು ಹೊರದೇಶದ ಇಬ್ಬರು, ಪುಕ್ಕಟೆ ಬಿಟ್ಟಿದ್ದಾರೆ. ಆದರೆ ಹೊಸ ಹಾಡು ಸೇರಿಸುವುದು, ಗುರುತು ಕೂರಿಸುವುದು ಎಲ್ಲ ಆಡುವವರೇ. ಅಣ್ಣ ಅದರಲ್ಲಿ ದೊಡ್ಡ ಹೆಸರು. ನೆಟ್ಟಿನಲ್ಲಿ ಎಲ್ಲೆಲ್ಲಿಯ ಮಕ್ಕಳೋ ಅವರು ಮಾಡಿದ್ದನ್ನು ಇಳಿಸಿಕೊಂಡು ಆಡ್ತಾರೆ.”

“ಐವತ್ತು ವರ್ಷದವನು?”

“ಅದಕ್ಕೇ ಅವರಿಗೆ ನಾಚಿಕೆ. ಮಕ್ಕಳ ಆಟ ಆಡ್ತಾರೆ ಅಂತ ಯಾರಾದರೂ ನಗಾಡಿಯಾರು, ಒಂದು ಕರ್ಟನ್ ಹಾಕು ಇಬ್ರಾಹಿಂ ಅಂದರು. ಹಾಕಿದೆ.”

“ನಾನು ಕಣ್ಣಾರೆ ಕಂಡಿದ್ದೇನೆ. ಕೈ ಎರಡೂ ಮೇಜಿನ ಕೆಳಗೆ.”

“ಕೀಬೋರ್ಡು ಇರುವುದೇ ಮೇಜಿನ ಕೆಳಗಿನ ಹಲಗೆಯಲ್ಲಲ್ಲವಾ,” ಎಂದ ಇಬ್ರಾಹಿಂ ನಿಧಾನವಾಗಿ. “ಎಲ್ಲ ಕ್ಯಾಬಿನಿನಲ್ಲೂ ಹಾಗೇ. ಎಳೆದರೆ ಹೊರಗೆ ಬರ್ತದೆ.”

ಲೋಡಿಂಗಿನವನೊಬ್ಬ ಮೂಟೆ ಹೊತ್ತು ಬಂದು ಸರಿಯಿರಿ ಎಂದ. ಕಮಲಾಕ್ಷನಿಗೆ ಕೇಳಿಸಲಿಲ್ಲ. ಮೂಟೆ ಭುಜಕ್ಕೆ ಉಜ್ಜಿಕೊಂಡು ಹೋಯಿತು.

* * *

ಮದುವೆಯಾದ ಹೊಸತರಲ್ಲಿ ತಿರುಮಲೇಶ್ವರ ಕಮಲಾಕ್ಷನನ್ನು ಬೋಟಿನಲ್ಲಿ ಕೂರಿಸಿ ಐಲ್ಯಾಂಡಿಗೆ ಕರೆದುಕೊಂಡು ಹೋಗಿದ್ದ, ತನ್ನ ಆಫೀಸು ತೋರಿಸಲು. ತೋರಿಸುವಂಥದ್ದೇನೂ ಇರಲಿಲ್ಲ. ಹಡಗಿನ ಸರಕಿನ ಕಾಗದಗಳಿಗೆ ಸೀಲು ಹೊಡೆಯುವ ಮೇಜು. ಎಡಗೈ ಕಾಗದ ಮಗುಚಬೇಕು, ಬಲಗೈ ಸೀಲನ್ನು ಶಾಯಿಗೆ ಒತ್ತಿ ಕಾಗದಕ್ಕೆ ಹೊಡೆಯಬೇಕು.

ಆದರೆ ಅವನು ಹೊಡೆಯತೊಡಗಿದ ಮೇಲೆ ಕೌಂಟರಿನ ಆಚೆ ನಿಂತಿದ್ದ ಏಜೆಂಟರು ಮಾತು ನಿಲ್ಲಿಸಿದ್ದರು. ಶಾಯಿ, ಕಾಗದ, ಮಗುಚು. ಶಾಯಿ, ಕಾಗದ, ಕಾಗದ, ಮಗುಚು. ಒಂದೊಂದು ಕಂತೆಗೆ ಒಂದೊಂದು ನಡೆ. ಕಡೆಯ ಹಾಳೆಗೆ ಎರಡು ಸೀಲು ಒಟ್ಟಿಗೇ ಬಿದ್ದಾಗ ಒಬ್ಬ ಏಜೆಂಟ್ ಶಹಭಾಸ್ ಅಂದಿದ್ದ. “ಹೇಗೆ ಭಾವ?” ಎಂದು ತಿರುಮಲೇಶ್ವರ ನಕ್ಕಿದ್ದ, ಬೆರಳಲ್ಲೆಲ್ಲ ನೇರಳೆ ಶಾಯಿ. ಕಮಲಾಕ್ಷ, “ಕೈ ತೊಳಿ ಮೊದಲು,” ಎಂದಿದ್ದ.

ಆಮೇಲೆ ಆಫೀಸಿಗೆ ಕಂಪ್ಯೂಟರ್ ಬಂತು. ಸೀಲು ಬೀರು ಸೇರಿತು. ಒಮ್ಮೆ ಊಟದ ಹೊತ್ತಿಗೆ ತಿರುಮಲೇಶ್ವರ, “ಕೈಗೆ ಕೆಲಸವೇ ಇಲ್ಲ ಭಾವ,” ಎಂದಿದ್ದ. ಯಾರೂ ಎಂತಾಯಿತು ಎಂದು ಕೇಳಿರಲಿಲ್ಲ.

* * *

“ನೀವು ನೋಡಿದ್ದು ಅವರಿಗೆ ಗೊತ್ತಿತ್ತು,” ಎಂದ ಇಬ್ರಾಹಿಂ. “ಮಾನಿಟರಿನ ಗಾಜಿನಲ್ಲಿ ನಿಮ್ಮ ಮುಖ ಕಂಡಿತಂತೆ. ಭಾವ ಬಂದು ನೋಡಿ ಹೋದರು, ಇನ್ನು ಊರಿಗೆಲ್ಲ ಹೇಳಿ ನಗಾಡ್ತಾರೆ ಅಂದರು. ನಗಾಡುವುದಂತ ತಿಳಿದಿದ್ದರು, ಪಾಪ. ಆಮೇಲೆ ಒಂದು ತಿಂಗಳು ಬರಲಿಲ್ಲ. ಬಂದವರು, ಕರ್ಟನ್ ತೆಗೆದುಬಿಡು, ನನ್ನ ಕಂಪ್ಯೂಟರನ್ನು ಬಾಗಿಲಿಗೆ ಮುಖ ಮಾಡಿ ಇಡು, ಕೀಬೋರ್ಡು ಮೇಜಿನ ಮೇಲೆ ಇರಲಿ ಅಂದರು. ಕಾರಣ ಕೇಳಿದರೆ ಹೇಳಲಿಲ್ಲ. ಭಾವ ಕೋರ್ಟಿಗೆ ಹೋಗುವ ದಾರಿ ಇದೇ, ಒಂದು ದಿನ ನೋಡಿಯಾರು, ಅಂದರು ಅಷ್ಟೇ.”

“ಮತ್ತೆ?”

“ಮತ್ತೆ ಎಂತ. ಮೂರು ವರ್ಷ ಹಾಗೇ ಕೂತರು. ನೀವು ಆ ದಾರಿಯಲ್ಲಿ ಬರಲೇ ಇಲ್ಲವಲ್ಲ.”

ಜೊತೆಗೆ ಬಂದ ಯುವಕ ಇಷ್ಟು ಹೊತ್ತು ಮೊಬೈಲಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದ. ಅಜಿತ್ ಅಂತ ಹೆಸರು, ಅದೇ ಆಟದವನು. ಈಗ ಹತ್ತಿರ ಬಂದು ಮಲಯಾಳದಲ್ಲಿ, ಅಂಕಲ್, ತುಂಬಾ ದುಃಖದ ಸಂಗತಿ, ಎಂದ. ಅದೇ ಉಸಿರಿನಲ್ಲಿ, ಅವರ ಶರ್ಟಿನ ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇರುತ್ತದೆ, ಈಗಲೇ ಬೇಕಿತ್ತು, ಎಂದ.

“ಎಂತಕ್ಕೆ?”

ಅವರು ಕಡೆಗೆ ಮಾಡಿದ ಹಾಡುಗಳ ಫೈಲು ಅದರಲ್ಲಿದೆ, ಎಂದ ಅಜಿತ್. ಇನ್ನೊಂದು ಗುಂಪಿನವರು ಅವರ ಹಳೆಯದನ್ನೆಲ್ಲ ಹೆಸರು ಅಳಿಸಿ ತಮ್ಮದೆಂದು ನೆಟ್ಟಿನಲ್ಲಿ ಹಾಕಿಕೊಂಡಿದ್ದಾರೆ. ಇದೂ ಅವರ ಕೈಗೆ ಸಿಗುವ ಮೊದಲು ನಾವು ಹಾಕಬೇಕು.

“ಅವನ ಹೆಸರು ಹಾಕ್ತೀರಾ?”

ಅಜಿತ್ ತಡವರಿಸಿದ. ನಮ್ಮ ಗುಂಪಿನ ಹೆಸರು ಹಾಕುತ್ತೇವೆ, ಅವರನ್ನು ನೆನಪಿಸಿಕೊಂಡು ಒಂದು ಸಾಲು ಇರುತ್ತದೆ, ಎಂದ. ಅವನ ಕಣ್ಣು ಮನೆಯ ಬಾಗಿಲ ಕಡೆಗಿತ್ತು, ಒಳಗೆ ಮೂಲೆಯಲ್ಲಿ ಆಸ್ಪತ್ರೆಯ ಚೀಲವಿತ್ತು. ಬಿಚ್ಚಿದ ಶರ್ಟು ಅದರಲ್ಲಿತ್ತು. ಹೆಣ ಇನ್ನೂ ಚಾಪೆಯ ಮೇಲಿದೆ. ಒಬ್ಬನಿಗೆ ರಿಬ್ಬನ್ ಬೇಕು, ಒಬ್ಬನಿಗೆ ಜೇಬು ಬೇಕು, ಒಬ್ಬಳಿಗೆ ಸಕ್ಕರೆ ಬೇಕು. ಕಮಲಾಕ್ಷನಿಗೆ ಎಲ್ಲರ ಮುಖದ ಮೇಲೂ ಉಗಿಯಬೇಕೆನಿಸಿತು. ಬಾಯಲ್ಲಿ ಉಗುಳು ತುಂಬಿತು. ಓಣಿಯಲ್ಲಿ ಉಗಿದ. ಅದು ಅವನದೇ ಬರಿಗಾಲಿನ ಮೇಲೆ ಬಿತ್ತು.

ಆಮೇಲೆ ಎರಡು ಸಲ ಒಳಕೋಣೆಯ ಬಾಗಿಲವರೆಗೆ ಹೋದ. ಮೊದಲ ಸಲ ಹೆಂಗಸರಿದ್ದರು, ಹಿಂದೆ ಬಂದ. ಎರಡನೆಯ ಸಲ ವಿನೋದಾ ಒಬ್ಬಳೇ ಇದ್ದಳು, ಆದರೂ ಹಿಂದೆ ಬಂದ. ಸತ್ತವನು ಸತ್ತ, ಈಗ ಹೇಳಿ ಯಾರಿಗೆ ಏನಾಗಬೇಕು ಎಂದು ತನಗೆ ತಾನೇ ಹೇಳಿಕೊಂಡ. ಸುಮ್ಮನಿದ್ದರೆ ನಾಲ್ಕು ಗಂಟೆಗೆ ಎಲ್ಲ ಮುಗಿಯುತ್ತದೆ. ಇಬ್ರಾಹಿಂ ಜಗಲಿಯ ಅಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಏನೂ ಕೇಳದೆ. ಆ ಸುಮ್ಮನೆ ಕೂತದ್ದೇ ಕಮಲಾಕ್ಷನನ್ನು ಉರಿಸಿತು. ಚೀಲ ಕಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದ.

ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎಲ್ಲಿ ಬಿದ್ದದ್ದು, ಯಾತಕ್ಕೆ ಹೋಗುತ್ತಿದ್ದದ್ದು, ಮೇಜಿನ ಕೆಳಗಿನ ಹಲಗೆ, ಎಲ್ಲ. “ನನ್ನದು ತಪ್ಪಾಯ್ತು” ಎಂದು ಮಾತ್ರ ಹೇಳಲಿಲ್ಲ. ಕನ್ನಡಕ ತೆಗೆದು ತಂಗಿಯ ಮುಂದಿಟ್ಟ.

ವಿನೋದಾ ಕನ್ನಡಕವನ್ನು ಸೆರಗಿನಲ್ಲಿ ಒರಸಿದಳು.

“ಆಟ ಅಂತ ಇವರು ಹೇಳಿದ್ದರು.”

“ಹೇಳಿದ್ದನಾ?”

“ಅವತ್ತೇ. ಕೂತು ಬಿಡಿಸಿ ಹೇಳಿದರು. ಬಾ ತೋರಿಸ್ತೇನೆ ಅಂದರು. ನಾನು ಹೋಗಲಿಲ್ಲ.” ಅವಳ ಸ್ವರ ಏರಲಿಲ್ಲ. “ನೀನು ಕಣ್ಣಾರೆ ಕಂಡದ್ದು ಅಂದಿದ್ದೆ. ಒಡಹುಟ್ಟಿದ ಅಣ್ಣ ಅಂಥಾದ್ದನ್ನು ಸುಳ್ಳು ಹೇಳ್ತಾನಾ ಅಂತ ಕೇಳಿದೆ. ಆಮೇಲೆ ಅವರು ಮಾತಾಡಲಿಲ್ಲ.”

“ವಿನೋದಾ...”

“ಮನೆಯಲ್ಲಿ ಬೆಳೆದ ಮಗಳು. ನಿನ್ನಪ್ಪ ಬಂದ ದಿನ ಚಿಲಕ ಹಾಕಿ ಮಲಗು ಅಂತ ನಿಶ್ಮಿತಾಳಿಗೆ ನಾನೇ ಹೇಳಿದ್ದು. ಮೂರು ವರ್ಷ ಶನಿವಾರ ಶನಿವಾರ ಅವಳು ಚಿಲಕ ಹಾಕುವ ಸದ್ದು ಅವರು ಹೊರಗೆ ಮಲಗಿ ಕೇಳಿದ್ದಾರೆ.”

ಕಮಲಾಕ್ಷ ಹಿತ್ತಿಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ವಾಂತಿ ಮಾಡಿದ.

ತಿರುಗಿ ಬರುವಷ್ಟರಲ್ಲಿ ವಿನೋದಾ ಮಗಳಿಗೆ ಎಲ್ಲ ಹೇಳಿ ಹೊರಗಿನ ಕೋಣೆಗೆ ಬಂದಿದ್ದಳು. ಗಂಡನಿಗೆ ಕನ್ನಡಕ ಹಾಕಿದ್ದಳು. ಸಂಘದ ಹಾರವನ್ನು ಕಾಲಿನ ಕಡೆ ಸರಿಸಿ, ಆ ಕೊಳಕು ಕೀಬೋರ್ಡನ್ನು ಅವನ ಎದೆಯ ಮೇಲಿಟ್ಟು, ಎರಡೂ ಕೈಗಳನ್ನು ಅದರ ಮೇಲೆ ಕೂರಿಸುತ್ತಿದ್ದಳು. ಸೆಟೆದ ಬೆರಳು ತಾಗಿ ಗುಂಡಿಗಳು ಟಕ್ ಟಕ್ ಎಂದವು.

“ಇದೇನಮ್ಮ ಇದು, ಫೋಟೋದಲ್ಲಿ ಚೆನ್ನಾಗಿರಲ್ಲ,” ಎಂದ ಗಣೇಶಪ್ರಸಾದ್.

“ನೀವು ರಿಬ್ಬನ್ನಿನದ್ದು ತೆಗೆದುಕೊಳ್ಳಿ,” ಎಂದಳು ವಿನೋದಾ.

ಮೂಲೆಯಲ್ಲಿ ಅಜಿತ್ ಆಸ್ಪತ್ರೆಯ ಚೀಲದ ಮೇಲೆ ಬಗ್ಗಿದ್ದ. ನಿಶ್ಮಿತಾ ಎದ್ದುಹೋಗಿ ಅವನ ಕೈಯಿಂದ ಶರ್ಟು ತೆಗೆದುಕೊಂಡಳು. ಜೇಬಿನಿಂದ ಪೆನ್ ಡ್ರೈವ್ ತೆಗೆದು ಮುಷ್ಟಿಯಲ್ಲಿ ಹಿಡಿದು, “ಇದೆಂಡೆ ಅಚ್ಛಂಡೆಯಾಣ್,” ಎಂದಳು. ನನ್ನ ಅಪ್ಪನದು. ಮೂರು ವರ್ಷದಲ್ಲಿ ಅವಳ ಬಾಯಲ್ಲಿ ಅಪ್ಪ ಎಂಬ ಮಾತು ಕೇಳಿದ್ದು ಅದೇ ಮೊದಲು. ಶರ್ಟನ್ನು ಮಡಚಲು ಹೋದಳು. ಮಡಿಕೆ ಕೂರಲಿಲ್ಲ.

ಚಿತಾಗಾರದಲ್ಲಿ ಕರ್ಮ ಮಾಡಿದ್ದು ಮಗಳೇ. ಗಣೇಶಪ್ರಸಾದ್ ಅದಕ್ಕೂ ಏನೋ ಅನ್ನಲು ಬಾಯಿ ತೆರೆದ, ಕಮಲಾಕ್ಷನ ಮುಖ ನೋಡಿ ಮುಚ್ಚಿಕೊಂಡ. ಕಬ್ಬಿಣದ ಬಾಗಿಲಿನೆದುರು ಹೆಣವನ್ನು ಟ್ರಾಲಿಗೆ ಹಾಕಿದಾಗ ಅಲ್ಲಿಯ ಕೆಲಸದವನು ಬಟ್ಟೆ ಸರಿಸಿ ನೋಡಿದ.

“ಪ್ಲಾಸ್ಟಿಕ್ ಪಟ್ಟಿಲ್ಲ,” ಎಂದ. ಪ್ಲಾಸ್ಟಿಕ್ಕನ್ನು ಒಳಗೆ ಹಾಕಲಾಗುವುದಿಲ್ಲ. ಕನ್ನಡಕವನ್ನು ಹಾಗೇ ಬಿಟ್ಟ. ಬೆರಳುಗಳನ್ನು ಒಂದೊಂದಾಗಿ ಎತ್ತಿ ಕೀಬೋರ್ಡನ್ನು ಎಳೆದು ತೆಗೆದು, ಹತ್ತಿರ ನಿಂತಿದ್ದ ಕಮಲಾಕ್ಷನ ಕಡೆ ಚಾಚಿದ.

ಟ್ರಾಲಿ ಒಳಗೆ ಸರಿಯಿತು. ಬಾಗಿಲು ಇಳಿಯಿತು. ಜನ ಹೊರಗೆ ನಡೆದರು. ಗಣೇಶಪ್ರಸಾದ್ ನಲ್ಲಿಯ ಹತ್ತಿರ ಸಾಲು ಮಾಡಿಸಿ ಎಲ್ಲರ ಕೈಗೂ ನೀರು ಬಿಡಿಸುತ್ತಿದ್ದ. “ಬನ್ರಿ ಕಮಲಾಕ್ಷ, ಕೈ ತೊಳ್ಕೊಳ್ಳಿ,” ಎಂದು ಕೂಗಿದ.

ಕಮಲಾಕ್ಷ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡ. ಬೆವರು ಒಣಗಿ ಜಿಡ್ಡುಗಟ್ಟಿದ ಪ್ಲಾಸ್ಟಿಕ್ಕು ಅಂಗೈಗೆ ಅಂಟಿತು. ಎಡಗೈಯ ಎರಡು ಬೆರಳು, ಬಲಗೈಯ ಎರಡು ಬೆರಳು ಅಕ್ಷರವಿಲ್ಲದ ಆ ನಾಲ್ಕು ಗುಂಡಿಗಳ ಗುಳಿಯೊಳಗೆ ತಾವಾಗಿ ಇಳಿದವು. ಅವನು ತೆಗೆಯಲಿಲ್ಲ.